ಜೀನ್ಸ್ ಹೊಲಿಯುವವನ ಕೈಯಲ್ಲಿ 8×42 ಬೈನಾಕ್ಯುಲರ್: 14 ತಿಂಗಳ ಲೆಕ್ಕ

ಮೊದಲು ತೀರ್ಪು ಹೇಳಿಬಿಡುತ್ತೇನೆ, ಪುರಾಣ ಆಮೇಲೆ. 8×42 ಬೈನಾಕ್ಯುಲರ್, ಬೆಲೆ 7,400 ರೂಪಾಯಿ, ಕೊಂಡು 14 ತಿಂಗಳಾಯಿತು. ಕೊಟ್ಟ ಕಾಸಿಗೆ ಮೋಸವಿಲ್ಲ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಂಪನಿಯ ಹೆಸರು ಹಾಕುತ್ತಿಲ್ಲ. ರಿಪೇರಿ ವಿಷಯದಲ್ಲಿ ಅವರ ಜೊತೆ ಒಂದು ಸಣ್ಣ ಜಗಳ ಆಗಿದೆ, ಅದನ್ನೂ ಬರೆಯಬೇಕು, ಅದಕ್ಕೆ. ಹೇಗೂ ಹೆಸರಿಗಿಂತ ನಂಬರ್ ಮುಖ್ಯ. ಅದನ್ನು ಬಿಡಿಸಿ ಹೇಳುತ್ತೇನೆ.

ನಾನು ಬಳ್ಳಾರಿಯವನು. 23 ವರ್ಷದಿಂದ ಜೀನ್ಸ್ ಹೊಲಿಯುತ್ತಿದ್ದೇನೆ. ಜಾಬ್ ವರ್ಕ್. ಕಟಿಂಗ್ ಆದ ಮಾಲು ಬಂಡಲ್ ಕಟ್ಟಿಕೊಂಡು ಬರುತ್ತದೆ. ನಾವು ಹೊಲಿದು ಕೊಡುತ್ತೇವೆ. ಅದು ವಾಷಿಂಗ್‌ಗೆ ಹೋಗುತ್ತದೆ. ಪೀಸಿಗೆ ಇಷ್ಟು ಅಂತ ರೇಟು. ಕಡು ನೀಲಿ ಬಟ್ಟೆ, ಅದರ ಮೇಲೆ ಕಡು ನೀಲಿ ದಾರ, ಮೇಲೆ ಟ್ಯೂಬ್‌ಲೈಟು. 45 ದಾಟಿದ ಮೇಲೆ ಕಣ್ಣು ಉರಿ, ಸಂಜೆ ತಲೆನೋವು. ಕಣ್ಣಿನ ಡಾಕ್ಟರು ಕನ್ನಡಕದ ನಂಬರ್ ಬದಲಾಯಿಸಿ, "20 ನಿಮಿಷಕ್ಕೊಮ್ಮೆ ತಲೆ ಎತ್ತಿ, 20 ಅಡಿ ಆಚೆ ಇರೋದನ್ನ 20 ಸೆಕೆಂಡ್ ನೋಡ್ರಿ" ಅಂದರು. ನಮ್ಮ ಕೋಣೆಯಲ್ಲಿ 20 ಅಡಿ ಎಲ್ಲಿದೆ? ಎದ್ದು ಹೋಗಿ ಹಿಂದಿನ ಕಿಟಕಿ ಹತ್ತಿರ ನಿಲ್ಲಲು ಶುರು ಮಾಡಿದೆ. ಅಲ್ಲೊಂದು ಖಾಲಿ ಸೈಟು. ಜಾಲಿ ಗಿಡ, ಯಾರೋ ಸುರಿದು ಹೋದ ಜಲ್ಲಿ, ಗೋಡೆ ಪಕ್ಕ ಎದೆಮಟ್ಟದ ಒಂದು ಬಾದಾಮಿ ಗಿಡ, ಮೇಲೆ ಕರೆಂಟ್ ತಂತಿ. ತಂತಿ ಮೇಲೆ ಯಾವಾಗಲೂ ಏನೋ ಒಂದು ಕೂತಿರುತ್ತಿತ್ತು. ಏನದು ಅಂತ ಗೊತ್ತಾಗುತ್ತಿರಲಿಲ್ಲ. ಅಲ್ಲಿಂದ ಶುರು.

ಮೊದಲು ಮೋಸ ಹೋದೆ. ಆನ್‌ಲೈನಿನಲ್ಲಿ 1,499 ರೂಪಾಯಿಗೆ ಒಂದು ಸಿಕ್ಕಿತ್ತು. 180 ಪಟ್ಟು ದೊಡ್ಡದಾಗಿ ಕಾಣುತ್ತದೆ, ರಾತ್ರಿಯೂ ಕಾಣುತ್ತದೆ ಅಂತ ಬರೆದಿದ್ದರು. ಮುಂದಿನ ಗಾಜು ದಾಳಿಂಬೆ ಕಾಳಿನ ಹಾಗೆ ಕೆಂಪಗಿತ್ತು. ಕೆಂಪು ಬಣ್ಣ ಇದ್ದರೆ ಒಳ್ಳೆ ಮಾಲು ಅಂದುಕೊಂಡೆ. ಬರೀ ಶೋಕಿ ಅದು. ಕಣ್ಣಿಗಿಟ್ಟರೆ ತಂತಿ ಎರಡೆರಡು ಕಾಣುತ್ತಿತ್ತು. ಎಡಗೊಳವೆ ಒಂದು ಕಡೆ ನೋಡಿದರೆ ಬಲಗೊಳವೆ ಇನ್ನೊಂದು ಕಡೆ. ಹತ್ತು ನಿಮಿಷಕ್ಕೆ ತಲೆನೋವು. ತಲೆನೋವು ಹೋಗಲಿ ಅಂತ ತಗೊಂಡ ಸಾಮಾನು! ವಾಪಸ್ ತಗೊಳ್ಳಲಿಲ್ಲ. ಈಗ ಕಟಿಂಗ್ ಮಾಸ್ಟರ್ ಮಗ ಆಟ ಆಡುತ್ತಾನೆ.

ಈಗ ನಂಬರ್ ವಿಷಯ. 8×42 ಅಂದರೆ, 80 ಮೀಟರ್ ಆಚೆ ಇರುವ ಹಕ್ಕಿ 10 ಮೀಟರ್ ಹತ್ತಿರ ಬಂದಂತೆ ಕಾಣುತ್ತದೆ. ಅದು ಎಂಟು. 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. 42ನ್ನು 8ರಿಂದ ಭಾಗಿಸಿದರೆ 5.25. ಕಣ್ಣಿಗೆ ಬಂದು ಬೀಳುವ ಬೆಳಕಿನ ಬಿಲ್ಲೆಯ ಅಗಲ ಅದು. ಬಿಲ್ಲೆ ದೊಡ್ಡದಿದ್ದಷ್ಟು ಬೆಳಗಿನ ಜಾವ, ಸಂಜೆ ಮಬ್ಬಿನಲ್ಲಿ ಚೆನ್ನಾಗಿ ಕಾಣುತ್ತದೆ. 10×42 ತಗೊಂಡರೆ ಬಿಲ್ಲೆ 4.2ಕ್ಕೆ ಇಳಿಯುತ್ತದೆ, ಕೈ ನಡುಕವೂ ಹತ್ತು ಪಟ್ಟು ಕಾಣುತ್ತದೆ. 20 ಪಟ್ಟಿನದು ಸ್ಟ್ಯಾಂಡ್ ಇಲ್ಲದೆ ಆಗದ ಮಾತು. ಹೊಸಬರೆಲ್ಲ ಜಾಸ್ತಿ ನಂಬರ್ ಕೇಳುತ್ತಾರೆ. ನಾನೂ ಕೇಳಿದ್ದೆ.

ಇನ್ನೊಂದು, ನೋಟದ ಅಗಲ. ನನ್ನದು 8 ಡಿಗ್ರಿ. ಒಂದು ಕಿಲೋಮೀಟರ್ ದೂರದಲ್ಲಿ ಸುಮಾರು 140 ಮೀಟರ್ ಅಗಲದ ಜಾಗ ಒಟ್ಟಿಗೆ ಕಾಣುತ್ತದೆ. ಹಾರುವ ಹಕ್ಕಿಯನ್ನು ಹಿಡಿಯಲು ಇದು ಬೇಕೇ ಬೇಕು. ಒಳಗೆ ಬೆಳಕು ತಿರುಗಿಸುವ ಗಾಜಿನ ತುಂಡು, ಅಂದರೆ ಪ್ರಿಸಂ, ಬಿಎಕೆ-4 ಅನ್ನುವ ಒಳ್ಳೆ ಜಾತಿಯ ಗಾಜಿನದು ಅಂತ ಡಬ್ಬಿ ಮೇಲೆ ಬರೆದಿತ್ತು. ಬರೆದಿದ್ದನ್ನು ನಂಬಬೇಡಿ, ಪರೀಕ್ಷೆ ಸುಲಭ. ಬೈನಾಕ್ಯುಲರನ್ನು ಒಂದು ಅಡಿ ದೂರ ಹಿಡಿದು ಬೆಳಕಿನ ಕಡೆ ತಿರುಗಿಸಿ, ಕಣ್ಣಿಡುವ ಗಾಜಿನಲ್ಲಿ ಬೆಳಕಿನ ಬಿಲ್ಲೆ ನೋಡಿ. ಪೂರ್ತಿ ದುಂಡಗಿದ್ದರೆ ಸರಿ. ಅಂಚು ಕತ್ತರಿಸಿ ಚೌಕದ ಹಾಗೆ ಕಂಡರೆ ಅಗ್ಗದ ಗಾಜು. ಬೆಳಕಿನ ಕಡೆ ಅಂದೆ, ಸೂರ್ಯನ ಕಡೆ ಅಲ್ಲ. ಸೂರ್ಯನನ್ನು ಇದರಲ್ಲಿ ನೋಡಿದರೆ ಕಣ್ಣು ಹೋಗುತ್ತದೆ. ಮಕ್ಕಳ ಕೈಗೆ ಕೊಡುವಾಗ ನಾನು ಮೊದಲು ಹೇಳುವ ಮಾತು ಇದೇ.

ಕಣ್ಣಿಗೆ ಹೊಂದಿಸಿಕೊಳ್ಳುವುದನ್ನು ಅಂಗಡಿಯವರು ಹೇಳಿಕೊಡುವುದಿಲ್ಲ. ಬಲಗಣ್ಣು ಮುಚ್ಚಿ, ನಡುವಿನ ಚಕ್ರ ತಿರುಗಿಸಿ, ಎಡಗಣ್ಣಿಗೆ ಸ್ಪಷ್ಟ ಮಾಡಿಕೊಳ್ಳಿ. ಆಮೇಲೆ ಎಡಗಣ್ಣು ಮುಚ್ಚಿ, ಚಕ್ರ ಮುಟ್ಟದೆ, ಬಲಗಡೆಯ ಬಳೆ ಮಾತ್ರ ತಿರುಗಿಸಿ. ಒಮ್ಮೆ ಮಾಡಿದರೆ ಮುಗಿಯಿತು. ಕನ್ನಡಕ ಹಾಕುವವರು ಕಣ್ಣಿನ ಕಡೆಯ ರಬ್ಬರ್ ಕಪ್ಪನ್ನು ಪೂರ್ತಿ ಒಳಗೆ ತಿರುಗಿಸಬೇಕು. ಇದು ಗೊತ್ತಿಲ್ಲದೆ ಮೊದಲ ಒಂದು ವಾರ ಕೊಳವೆಯೊಳಗೆ ನೋಡಿದಂತೆ ನೋಡಿದೆ.

ನನಗೆ ಉಪಯೋಗಕ್ಕೆ ಬಂದ ಮುಖ್ಯ ಗುಣ ಡಬ್ಬಿ ಮೇಲೆ ಸಣ್ಣಕ್ಷರದಲ್ಲಿ ಇತ್ತು: 2 ಮೀಟರ್ ಹತ್ತಿರದ ವಸ್ತುವೂ ಸ್ಪಷ್ಟ ಕಾಣುತ್ತದೆ. ದೂರದ್ದನ್ನು ನೋಡುವ ಸಾಮಾನಿಗೆ ಹತ್ತಿರದ್ದು ಯಾಕೆ ಬೇಕು ಅಂತ ಅಂದುಕೊಂಡಿದ್ದೆ. ಬಾದಾಮಿ ಗಿಡ ಕಿಟಕಿಯಿಂದ ಎರಡೂವರೆ ಮೀಟರ್.

ಕೊಂಡ ಮೂರನೇ ವಾರ. ಆ ಗಿಡದೊಳಗೆ ಹೆಬ್ಬೆರಳು ಗಾತ್ರದ ಹಕ್ಕಿ ಒಂದು "ಟುವೀ ಟುವೀ" ಅಂತ ಕಿವಿ ಕಿತ್ತುಹೋಗುವ ಹಾಗೆ ಕೂಗುತ್ತಿತ್ತು. ಹಸಿರು ಬೆನ್ನು, ತಲೆ ಮೇಲೆ ಇಟ್ಟಿಗೆ ಬಣ್ಣ, ಬಾಲ ನೆಟ್ಟಗೆ. ಸಿಂಪಿಗ ಹಕ್ಕಿ. ಹೆಸರು ಕೇಳಿದ್ದೆ. ನಮ್ಮ ಕಸುಬಿನ ಹೆಸರಿಟ್ಟುಕೊಂಡ ಹಕ್ಕಿ ಹೊಲಿಯುವುದನ್ನು ಎಂದೂ ನೋಡಿರಲಿಲ್ಲ. ಎರಡು ಎಲೆಗಳ ಅಂಚು ಹತ್ತಿರ ತಂದು, ಕೊಕ್ಕಿನಿಂದ ತೂತು ಮಾಡಿ, ನಾರು ತೂರಿಸುತ್ತಿತ್ತು. ನಾನು ಅಂದುಕೊಂಡದ್ದು ನಾವು ಹೊಲಿದಂತೆ ಉದ್ದಕ್ಕೆ ಹೊಲಿಗೆ ಹಾಕುತ್ತದೆ ಅಂತ. ಹಾಗಲ್ಲ. ಒಂದೊಂದು ತೂತಿಗೂ ಒಂದೊಂದು ತುಂಡು ನಾರು. ತೂತಿನಿಂದ ಹೊರಬಂದ ತುದಿ ಬಿಚ್ಚಿಕೊಂಡು ಹತ್ತಿಯ ಉಂಡೆಯ ಹಾಗೆ ಉಬ್ಬಿಕೊಳ್ಳುತ್ತದೆ. ಆ ಉಬ್ಬು ತೂತಿನಲ್ಲಿ ವಾಪಸ್ ಹೋಗುವುದಿಲ್ಲ. ಗಂಟು ಬೇಕಾಗಿಲ್ಲ. ಎಲೆ ಎಳೆದರೂ ಬಿಡುವುದಿಲ್ಲ.

ಇದು ಹೊಲಿಗೆ ಅಲ್ಲ, ರಿವೆಟ್! ಜೀನ್ಸಿನ ಜೇಬಿನ ಮೂಲೆಗೆ ಹೊಡೆಯುವ ತಾಮ್ರದ ಗುಂಡಿ ಮಾಡುವುದು ಇದೇ ಕೆಲಸ. 1873ರಲ್ಲಿ ಅಮೆರಿಕದಲ್ಲಿ ಜೇಕಬ್ ಡೇವಿಸ್ ಅನ್ನುವ ದರ್ಜಿ, ಲೀವೈ ಸ್ಟ್ರಾಸ್ ಜೊತೆ ಸೇರಿ ಅದಕ್ಕೆ ಪೇಟೆಂಟ್ ತಗೊಂಡ. ಆ ದರ್ಜಿಗಿಂತ ಎಷ್ಟೋ ಹಿಂದಿನಿಂದ ಹಕ್ಕಿ ಇದನ್ನೇ ಎಲೆಗೆ ಹೊಡೆಯುತ್ತಿದೆ.

ಇನ್ನೊಂದು ಸಂಗತಿ ಕಣ್ಣಿಗೆ ಬೀಳಲು ಎರಡು ದಿನ ಬೇಕಾಯಿತು. ಗೂಡಿನ ಒಳಗೆ ಮೆತ್ತಗೆ ತುಂಬಿದ್ದು ನೀಲಿ. ನಮ್ಮದೇ ಮಾಲು. ಕಟಿಂಗ್ ಟೇಬಲ್ ಗುಡಿಸಿ ಹಿಂದೆ ಎಸೆಯುವ ಡೆನಿಮ್ ಧೂಳು, ಹತ್ತಿ ಜುಂಗು. ಕೆಲಸದ ಹುಡುಗನನ್ನು ಕರೆದು ತೋರಿಸಿದೆ. ಅವನು ಒಂದು ನಿಮಿಷ ನೋಡಿ, "ಅಣ್ಣಾ, ಇದಕ್ಕೆ ಪೀಸ್ ರೇಟ್ ಎಷ್ಟು ಕೊಡ್ತೀಯ?" ಅಂದ.

ಕಸುಬಿನವನಾಗಿ ನಾನು ಕಲಿತದ್ದು ತೂತಿನಿಂದ. ಎಷ್ಟು ಸಣ್ಣ ತೂತು ಅಂದರೆ, ಸುತ್ತ ಎಲೆ ಕಂದು ಬಣ್ಣಕ್ಕೆ ತಿರುಗಿರಲಿಲ್ಲ. ಎಲೆ ಬಾಡಿದರೆ ಗೂಡು ಎಲ್ಲರ ಕಣ್ಣಿಗೆ ಬೀಳುತ್ತದಲ್ಲ. ನಾವೋ, ಮೊಂಡಾದ ಸೂಜಿಯಲ್ಲೇ ಇನ್ನೂ ಒಂದು ಬಂಡಲ್ ಆಗಲಿ ಅಂತ ಓಡಿಸುತ್ತೇವೆ. ಸೂಜಿ ಎಳೆ ಕಡಿದು ಹೋಗಿರುತ್ತದೆ. ಆಗ ಕಾಣುವುದಿಲ್ಲ. ವಾಷಿಂಗ್ ಆಗಿ ಬಂದಾಗ ಹೊಲಿಗೆ ಪಕ್ಕದಲ್ಲಿ ಬಿಳಿ ಚುಕ್ಕೆ. ಅದು ನಮ್ಮ ಲೆಕ್ಕಕ್ಕೆ ಕಡಿತ. ಆ ಗೂಡು ನೋಡಿದ ಮೇಲೆ ಸೂಜಿ ಬದಲಾಯಿಸುವುದನ್ನು ದಿನದ ಕೆಲಸ ಮಾಡಿದೆ. ಮುರಿಯುವ ತನಕ ಕಾಯುವುದಿಲ್ಲ. ಸೂಜಿಯ ಖರ್ಚು ಜಾಸ್ತಿ ಆಗಿದೆ, ಕಡಿತ ಕಡಿಮೆ ಆಗಿದೆ.

ಒಂದು ಎಚ್ಚರಿಕೆ, ಇದನ್ನು ಯಾವ ಕಂಪನಿಯೂ ಡಬ್ಬಿ ಮೇಲೆ ಬರೆಯುವುದಿಲ್ಲ. ಊರೊಳಗೆ ಮಾಳಿಗೆ ಮೇಲೆ ಬೈನಾಕ್ಯುಲರ್ ಹಿಡಿದು ನಿಂತರೆ ಮರ್ಯಾದೆ ಹೋಗುತ್ತದೆ. ಎದುರು ಮನೆಯ ಹಿರಿಯರು ಎರಡು ದಿನ ನೋಡಿದರು, ಮೂರನೇ ದಿನ ಕೆಳಗಿನಿಂದ, "ಏನಪ್ಪಾ, ಯಾರ ಮನಿ ನೋಡಾಕತ್ತಿ?" ಅಂತ ಕೇಳಿಯೇಬಿಟ್ಟರು. ಅವರನ್ನು ಮೇಲೆ ಕರೆದು ಟವರ್ ಮೇಲಿದ್ದ ಹದ್ದು ತೋರಿಸಿದೆ. ಈಗ ಭಾನುವಾರ ಅವರೇ ಬಂದು ಕೇಳುತ್ತಾರೆ. ನನ್ನ ಹೆಂಡತಿಗೂ ಮೊದಲು ಸಿಟ್ಟಿತ್ತು. "ಸಾಲ ಇರೋ ಮನಿಗೆ ದುರ್ಬೀನು ಯಾಕ್ರೀ?" ಅಂದಳು. ನ್ಯಾಯವಾದ ಪ್ರಶ್ನೆ. ಆ ಸಾಲದ ಕತೆಗೂ ಒಂದು ಹಕ್ಕಿಯೇ ಕಾರಣ. ಅದಕ್ಕೆ ಬರುತ್ತೇನೆ, ಮೊದಲು ಗೀಜಗ.

ಅಲ್ಲಿಪುರ ಕೆರೆ ಕಡೆ ಕಾಲುವೆ ಮೇಲೆ ಬಾಗಿದ ಜಾಲಿ ಮರದಲ್ಲಿ ಗೀಜಗನ ಗೂಡುಗಳಿವೆ. ಮಳೆಗಾಲದಲ್ಲಿ ಭತ್ತದ ಎಲೆ ಬಲಿತ ಮೇಲೆ ಗಂಡು ಹಕ್ಕಿ ಕೆಲಸ ಹಿಡಿಯುತ್ತದೆ. ಎಲೆಯ ಅಂಚನ್ನು ಕೊಕ್ಕಿನಿಂದ ಕಚ್ಚಿ, ಹಾಗೇ ಹಾರಿದರೆ ಉದ್ದ ಪಟ್ಟಿ ಸೀಳಿಕೊಂಡು ಬರುತ್ತದೆ. ನಾವು ಬಟ್ಟೆಗೆ ಒಂದು ಕಚ್ಚು ಕೊಟ್ಟು ಟರ್ ಅಂತ ಹರಿಯುತ್ತೇವಲ್ಲ, ಅದೇ ಕೈಚಳಕ. ಪೂರ್ತಿ ಗೂಡಿಗೆ ಸುಮಾರು 18 ದಿನ. ಎಂಟು ದಿನಕ್ಕೆ ಗೂಡು ಹೆಲ್ಮೆಟ್ ಆಕಾರಕ್ಕೆ ಬರುತ್ತದೆ. ಅಲ್ಲಿಗೆ ಕೆಲಸ ನಿಲ್ಲುತ್ತದೆ. ಹೆಣ್ಣು ಬರಬೇಕು, ಒಳಗೆ ಹೊಕ್ಕು ನೋಡಬೇಕು, ಒಪ್ಪಬೇಕು. ಒಪ್ಪಿದರೆ ಮಾತ್ರ ಮುಂದಿನ ಕೊಳವೆ.

ನನಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಸ್ಯಾಂಪಲ್ ಪೀಸ್! ಪಾರ್ಟಿ, ಅಂದರೆ ಕೆಲಸ ಕೊಡುವವರು, ನೋಡಿ ಓಕೆ ಅಂದರೆ ಪೂರ್ತಿ ಲಾಟ್, ಇಲ್ಲದಿದ್ದರೆ ಹೊಲಿದವನ ತಲೆ ಮೇಲೆ. ಆ ಮರದಲ್ಲಿ ಅರ್ಧಕ್ಕೆ ನಿಂತ ಗೂಡು ಒಂಬತ್ತು ಎಣಿಸಿದೆ. ಬೈನಾಕ್ಯುಲರಿನಲ್ಲಿ ಒಂದೊಂದರ ನೇಯ್ಗೆಯನ್ನೂ ನೋಡಿದೆ. ತಪ್ಪು ಹುಡುಕುವುದು ನನ್ನ ಕಸುಬು. ಬಿಟ್ಟುಹೋದ ಒಂಬತ್ತರಲ್ಲಿ ನಾಲ್ಕೈದರ ನೇಯ್ಗೆ ಪೂರ್ತಿಯಾದ ಗೂಡಿಗಿಂತ ಬಿಗಿಯಾಗಿತ್ತು. ಹಾಗಾದರೆ ಯಾಕೆ ಬೇಡವಾಯಿತು? ಮೂರು ಭಾನುವಾರ ಇದೇ ಯೋಚನೆ. ಆಮೇಲೆ ಓದಿ ಗೊತ್ತಾಯಿತು: ಹೆಣ್ಣು ಗೀಜಗ ನೇಯ್ಗೆಗಿಂತ ಜಾಗಕ್ಕೆ ಜಾಸ್ತಿ ಬೆಲೆ ಕೊಡುತ್ತದೆ. ಹೋಗಿ ಮತ್ತೆ ನೋಡಿದೆ. ಪೂರ್ತಿಯಾದವು ನೀರಿನ ಮೇಲೆ ಚಾಚಿದ ಕೊಂಬೆಯ ತುದಿಯಲ್ಲಿದ್ದವು. ಬಿಟ್ಟವು ಜಾಸ್ತಿ ದಂಡೆಯ ಕಡೆ, ಹಾವು ಹತ್ತಬಹುದಾದ ದಪ್ಪ ಕೊಂಬೆಗಳಲ್ಲಿ.

ನಾನು 11 ವರ್ಷ ಟೆಂಪೊ ಬಾರದ ಗಲ್ಲಿಯ ಕೊನೆಯಲ್ಲಿ ಹೊಲಿದೆ. ಬಂಡಲ್ ಹೊತ್ತು ತರಬೇಕಿತ್ತು. "ನಿನ್ನ ಫಿನಿಶಿಂಗ್ ಬಳ್ಳಾರಿಯಲ್ಲೇ ಇಲ್ಲ ಬಿಡು" ಅನ್ನುತ್ತಿದ್ದ ಪಾರ್ಟಿಗಳು ಮೇನ್ ರೋಡಿನವನಿಗೆ ಲಾಟ್ ಕೊಡುತ್ತಿದ್ದರು. ನಾನು ಅದಕ್ಕೆ ಇನ್ನೂ ಚೆನ್ನಾಗಿ ಹೊಲಿದೆ. ಇನ್ನೂ ಬಿಗಿಯಾಗಿ. ದಂಡೆಯ ಕಡೆಯ ಗೂಡಿನ ಹಾಗೆ.

ಗೀಜಗನ ಬಗ್ಗೆ ನಮ್ಮಜ್ಜಿ ಒಂದು ಕತೆ ಹೇಳುತ್ತಿದ್ದಳು. ಗೂಡಿನೊಳಗೆ ಹಸಿ ಮಣ್ಣು ಮೆತ್ತಿ, ಅದಕ್ಕೆ ಮಿಂಚುಹುಳ ಅಂಟಿಸಿ, ಮಕ್ಕಳಿಗೆ ದೀಪ ಮಾಡುತ್ತದಂತೆ. ಮಣ್ಣು ಮೆತ್ತುವುದು ನಿಜ, ಕಣ್ಣಾರೆ ನೋಡಿದೆ. ದೀಪ ಸುಳ್ಳು. ಹಗುರ ಗೂಡು ಗಾಳಿಗೆ ವಿಪರೀತ ತೂಗಬಾರದು ಅಂತ ಮಣ್ಣಿನ ಭಾರ ಇರಬಹುದು. ಅಜ್ಜಿಯ ಸುಳ್ಳಿನಿಂದ ಯಾರಿಗೂ ನಷ್ಟ ಆಗಲಿಲ್ಲ. ಇನ್ನೊಂದು ಸುಳ್ಳಿನಿಂದ ನನಗಾಯಿತು.

2019ರ ಡಿಸೆಂಬರ್. ಒಂದು ಹೋಟೆಲಿನ ಎಸಿ ಹಾಲಿನಲ್ಲಿ ಸಣ್ಣ ಉದ್ದಿಮೆದಾರರಿಗೆ ಅಂತ ಒಂದು ದಿನದ ಶಿಬಿರ. ಟಿಕೆಟ್ 2,500 ರೂಪಾಯಿ, ಊಟ ಸೇರಿ. ಕೋಟು ಹಾಕಿದ ತರಬೇತುದಾರರು ಪರದೆ ಮೇಲೆ ಬಿಳಿ ತಲೆಯ ಪರದೇಶದ ಹದ್ದು ತೋರಿಸಿದರು. ನೀವೂ ವಾಟ್ಸಾಪಿನಲ್ಲಿ ನೋಡಿರುತ್ತೀರಿ. 40 ವರ್ಷಕ್ಕೆ ಹದ್ದಿನ ಕೊಕ್ಕು ಬಾಗುತ್ತದೆ, ಗರಿ ಭಾರವಾಗುತ್ತದೆ. ಆಗ ಅದು ಬೆಟ್ಟದ ಮೇಲೆ ಹೋಗಿ ಕೊಕ್ಕನ್ನು ಕಲ್ಲಿಗೆ ಬಡಿದು ಕಿತ್ತುಕೊಳ್ಳುತ್ತದೆ, ಉಗುರು ಕೀಳುತ್ತದೆ, ಗರಿಯನ್ನೆಲ್ಲ ಕಿತ್ತು ಹಾಕುತ್ತದೆ. 150 ದಿನ ನೋವು. ಆಮೇಲೆ ಹೊಸ ಹುಟ್ಟು, ಇನ್ನೂ 30 ವರ್ಷ. "ಹಳೆಯದನ್ನೆಲ್ಲ ಒಂದೇ ಸಲ ಕಿತ್ತೆಸೆಯುವ ಧೈರ್ಯ ನಿಮಗಿದೆಯಾ?" ಅಂತ ಕೇಳಿದರು. ಚಪ್ಪಾಳೆ. ನಾನೂ ತಟ್ಟಿದೆ. ನನಗೆ ಆಗ 42.

ಆ ತಿಂಗಳೇ ನನ್ನ ಏಳು ಹಳೆ ಮಷಿನನ್ನೂ ಮಾರಿದೆ. ಕ್ಲಚ್ ಮೋಟರಿನವು, ಕರೆಂಟ್ ಜಾಸ್ತಿ ತಿನ್ನುತ್ತಿದ್ದವು, ಸದ್ದು ಜಾಸ್ತಿ. ಆದರೆ ಓಡುತ್ತಿದ್ದವು. ಸಾಲ ಮಾಡಿ ಏಳು ಹೊಸ ಸರ್ವೋ ಮೋಟರಿನ ಮಷಿನಿಗೆ ಆರ್ಡರ್ ಕೊಟ್ಟೆ. ಮಷಿನ್ ಬರುವುದು ತಡವಾಯಿತು. ಎರಡು ತಿಂಗಳು ಕೋಣೆ ಖಾಲಿ. ಕೆಲಸದವರು ಹೊಟ್ಟೆಪಾಡಿಗೆ ಬೇರೆ ಕಡೆ ಹೋದರು. ಹೊಸ ಮಷಿನ್ ಬಂದು ಇಳಿದ ಹದಿನೈದು ದಿನಕ್ಕೆ 2020ರ ಮಾರ್ಚ್, ಲಾಕ್‌ಡೌನ್. ಕೊರೊನಾ ಬರುತ್ತದೆ ಅಂತ ಆ ತರಬೇತುದಾರರಿಗೆ ಗೊತ್ತಿರಲಿಲ್ಲ, ಅದು ಅವರ ತಪ್ಪಲ್ಲ. ಹದ್ದಿನ ಬಗ್ಗೆ ಗೊತ್ತಿರಬೇಕಿತ್ತು.

ಈ ವರ್ಷ ಜುಲೈ. ಭಾನುವಾರ ಬೆಳಿಗ್ಗೆ ಬಳ್ಳಾರಿ ಗುಡ್ಡ ಹತ್ತಿದ್ದೆ. ಬಿಸಿಲೇರಿದ ಮೇಲೆ ಬಂಡೆ ಕಾದು ಗಾಳಿ ಮೇಲೇಳುತ್ತದೆ, ಆ ಗಾಳಿಯಲ್ಲಿ ಹದ್ದುಗಳು ರೆಕ್ಕೆ ಬಡಿಯದೆ ಸುತ್ತುತ್ತವೆ. ಅಷ್ಟು ಮೇಲೆ ಕೂತರೆ ಹದ್ದು ನಮ್ಮ ಕಣ್ಣಿನ ಎತ್ತರಕ್ಕೇ, ಒಮ್ಮೊಮ್ಮೆ ನಮಗಿಂತ ಕೆಳಗೆ ಹಾರುತ್ತದೆ. ಒಂದು ಹದ್ದಿನ ಎಡ ರೆಕ್ಕೆಯಲ್ಲಿ ಸಂದು ಕಂಡಿತು. ಬಾಚಣಿಗೆಯ ಒಂದು ಹಲ್ಲು ಮುರಿದ ಹಾಗೆ. ಯಾರೋ ಕಲ್ಲು ಹೊಡೆದಿರಬೇಕು, ಇಲ್ಲ ಪಟದ ದಾರಕ್ಕೆ ಸಿಕ್ಕಿರಬೇಕು ಅಂದುಕೊಂಡೆ. ಅದು ತಿರುಗಿತು. ಬಲ ರೆಕ್ಕೆಯಲ್ಲೂ ಅದೇ ಜಾಗದಲ್ಲಿ ಸಂದು. ಕತ್ತರಿಸಿ ಜೋಡಿಸಿದಂತೆ ಎರಡೂ ಕಡೆ ಸಮ. ಪಕ್ಕದಲ್ಲಿ ಎರಡು ಗರಿ ಬೇರೆಯವಕ್ಕಿಂತ ಕಡು ಬಣ್ಣ, ಅಂಚು ಚೂಪು. ಉಳಿದವು ಬಿಸಿಲಿಗೆ ಮಾಸಿದ್ದವು. ಹೊಸ ಬಟ್ಟೆ ಯಾವುದು, ಹತ್ತು ಸಲ ಒಗೆದದ್ದು ಯಾವುದು ಅಂತ ನನಗೆ ಹೇಳಿಕೊಡಬೇಕೇ?

ಗುಡ್ಡಕ್ಕೆ ವಾಕಿಂಗ್ ಬರುವ ಕಾಲೇಜಿನ ಮೇಷ್ಟ್ರು ಒಬ್ಬರಿದ್ದಾರೆ, ಪ್ರಾಣಿಶಾಸ್ತ್ರ ಹೇಳುವವರು. ಅವರಿಗೆ ತೋರಿಸಿದೆ. "ಗರಿ ಬದಲಾಯಿಸ್ತಾ ಇದೆ ಕಣ್ರೀ. ಒಂದಾದ ಮೇಲೆ ಒಂದು. ಎಡಗಡೆ ಒಂದು ಬಿದ್ದರೆ ಬಲಗಡೆಯೂ ಜೋಡಿ ಗರಿ ಬೀಳುತ್ತೆ, ತೂಕ ತಪ್ಪಬಾರದಲ್ಲ. ಅದು ಬೆಳೆದ ಮೇಲೆ ಮುಂದಿನದು. ತಿಂಗಳುಗಟ್ಟಲೆ ಆಗುತ್ತೆ" ಅಂದರು. ಕೊಕ್ಕು? "ಕೊಕ್ಕು ನಮ್ಮ ಉಗುರಿನ ಹಾಗೆ ಬೆಳೀತಾನೇ ಇರುತ್ತೆ, ಸವೀತಾನೇ ಇರುತ್ತೆ. ಕಿತ್ತುಕೊಂಡರೆ ಉಪವಾಸ ಸಾಯುತ್ತೆ." ಕಾಡಿನಲ್ಲಿರುವ ಹದ್ದು 70 ವರ್ಷ ಬದುಕುವುದೂ ಇಲ್ಲವಂತೆ.

ಒಂದು ದಿನವೂ ಹಾರುವುದು ನಿಲ್ಲಿಸದೆ ರೆಕ್ಕೆ ಬದಲಾಯಿಸುವ ಹಕ್ಕಿಯನ್ನು ತೋರಿಸಿ, ಎಲ್ಲ ನಿಲ್ಲಿಸು ಅಂದಿದ್ದರು ನನಗೆ. ಆ ಬಂಡೆ ಮೇಲೆ ಕೂತು ನಕ್ಕೆನೋ ಅತ್ತೆನೋ ನೆನಪಿಲ್ಲ. ಮೇಷ್ಟ್ರು ಪಾಪ ನೀರು ಕೊಟ್ಟರು.

ಆಮೇಲೆ ಅವರು ಇನ್ನೊಂದು ಮಾತೂ ಹೇಳಿದರು, ಅದನ್ನು ಮುಚ್ಚಿಟ್ಟರೆ ನಾನೂ ತರಬೇತುದಾರನಾಗಿಬಿಡುತ್ತೇನೆ. ಹಾರುವ ಗರಿಯನ್ನೆಲ್ಲ ಒಟ್ಟಿಗೆ ಉದುರಿಸುವ ಹಕ್ಕಿಗಳೂ ಇವೆ. ಬಾತುಗಳು. ಚಳಿಗಾಲದಲ್ಲಿ ತುಂಗಭದ್ರಾ ಡ್ಯಾಂ ಹಿನ್ನೀರಿಗೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತು ಕೂಡ ತನ್ನ ಊರಿನಲ್ಲಿ ಹಾಗೇ ಮಾಡುತ್ತದೆ. ಕೆಲವು ವಾರ ಹಾರಲು ಬರುವುದಿಲ್ಲ. ನೀರಿನಲ್ಲಿ ಇದ್ದುಬಿಡುತ್ತದೆ, ಮೇವು ಅಲ್ಲೇ ಸಿಗುತ್ತದೆ. ಹಾಗೆ ಕೂರಲು ಕೆರೆ ಇರುವವರು ಮಾಡಲಿ. ನನಗೆ ಪ್ರತಿ ತಿಂಗಳು 5ಕ್ಕೆ ಕಂತು ಇತ್ತು.

ಮೊನ್ನೆ ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಮಷಿನ್ ಬದಲಾಯಿಸುವಾಗ ಹಳೆಯದನ್ನು ಮಾರಲಿಲ್ಲ. ಹೊಸದು ಬಂದು, ಹುಡುಗರ ಕೈಗೆ ಕೂತು, ಎರಡು ಲಾಟ್ ಹೊರಗೆ ಹೋದ ಮೇಲೆ ಮಾರಿದೆ. ಜಾಗ ಇಕ್ಕಟ್ಟಾಯಿತು. ಪರವಾಗಿಲ್ಲ.

ಬೇಸಿಗೆಯ ವಿಷಯ ಬೇಗ ಮುಗಿಸುತ್ತೇನೆ. ನಮ್ಮೂರ ಬಿಸಿಲಿಗೆ ಈ ಬೈನಾಕ್ಯುಲರಿನ ರಬ್ಬರ್ ಹೊದಿಕೆ ಏಪ್ರಿಲ್‌ನಲ್ಲಿ ಅಂಟಂಟಾಯಿತು. ಸ್ಕೂಟರ್ ಡಿಕ್ಕಿಯಲ್ಲಿ ಇಟ್ಟಿದ್ದು ನನ್ನ ತಪ್ಪು. ನೀವು ಇಡಬೇಡಿ. ಅದೇ ಏಪ್ರಿಲ್‌ನಲ್ಲಿ ಹಿಂದಿನ ಸೈಟಿನ ಜಲ್ಲಿ ಮೇಲೆ ಟಿಟ್ಟಿಭ ನಾಲ್ಕು ಮೊಟ್ಟೆ ಇಟ್ಟಿತ್ತು. ಗೂಡಿಲ್ಲ, ನೆರಳಿಲ್ಲ, ಬರೀ ಕಲ್ಲು. ಮೊಟ್ಟೆಯೂ ಕಲ್ಲಿನ ಬಣ್ಣ. ಮಧ್ಯಾಹ್ನ ಒಂದು ಹಕ್ಕಿ ಸಂಪಿನ ಪಕ್ಕದ ಕೊಚ್ಚೆಯಲ್ಲಿ ಕೂತು ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆ ಮೇಲೆ ಕೂರುತ್ತಿತ್ತು. ಮೊಟ್ಟೆಗೆ ಕಾವು ಕೊಡುವುದನ್ನು ಕೇಳಿದ್ದೆವು, ತಣ್ಣೀರು ಪಟ್ಟಿ ಹಾಕುವುದನ್ನು ನೋಡಿದ್ದು ಇದೇ ಮೊದಲು. ಯಾರಾದರೂ ಬಂದರೆ ಅದು ಸದ್ದಿಲ್ಲದೆ ಮೊಟ್ಟೆ ಬಿಟ್ಟು ನಡೆದು, ದೂರ ಹೋಗಿ, ಅಲ್ಲಿಂದ ಎದೆ ಒಡೆದುಕೊಂಡು ಕೂಗುತ್ತದೆ. ಕೂಗಿದ ಕಡೆ ಹುಡುಕಿದರೆ ಮೊಟ್ಟೆ ಸಿಗುವುದಿಲ್ಲ. "ಮಾರ್ಕೆಟ್ ಬಿದ್ದಿದೆ, ರೇಟ್ ಇಳಿಸು" ಅಂತ ಫೋನಿನಲ್ಲಿ ಕೂಗುವ ಪಾರ್ಟಿಗಳ ಮಾತು ಕೇಳುವಾಗ ಈಗ ನನಗೆ ಟಿಟ್ಟಿಭದ ನೆನಪು ಬರುತ್ತದೆ. ನಾಲ್ಕರಲ್ಲಿ ಮೂರು ಮರಿಯಾದವು. ಮರುದಿನವೇ ತಾಯಿ ಹಿಂದೆ ಜಾಲಿಯೊಳಗೆ ನಡೆದುಹೋದವು.

ಕಾಜಾಣದ ಬಗ್ಗೆ ಎರಡೇ ಮಾತು. ತಂತಿ ಮೇಲೆ ಮೊದಲ ದಿನ ನೋಡಿದ ಕರಿ ಹಕ್ಕಿ ಅದೇ. ತನಗಿಂತ ದೊಡ್ಡ ಹದ್ದು, ಕಾಗೆಗಳ ಬೆನ್ನು ಕುಕ್ಕಿ ಓಡಿಸುತ್ತದೆ. ಜಗಳಗಂಟ. ಆದರೆ ಅದರ ಗೂಡಿರುವ ಮರದಲ್ಲೇ ಬುಲ್‌ಬುಲ್‌ಗಳು, ಬೆಳವಗಳು ಬಂದು ಗೂಡು ಕಟ್ಟುತ್ತವೆ, ಕಾಗೆಯ ಕಾಟ ಇರುವುದಿಲ್ಲ ಅಂತ. ನಮ್ಮ ಗಲ್ಲಿಯಲ್ಲೂ ಒಬ್ಬ ಅಜ್ಜಿ ಹೀಗಿದ್ದಳು.

ಎಲ್ಲಿ ಸೋತಿತು ಅಂತಲೂ ಹೇಳಬೇಕಲ್ಲ. ದರೋಜಿ ಕರಡಿಧಾಮದಲ್ಲಿ ಸೋತಿತು. ಅಲ್ಲಿ ಎದುರಿನ ಬಂಡೆಗೆ ಬೆಲ್ಲದ ಪಾಕ ಸವರಿರುತ್ತಾರೆ, ಕರಡಿಗಳು ಮಧ್ಯಾಹ್ನದ ಮೇಲೆ ಇಳಿದು ಬರುತ್ತವೆ. ಕರಡಿ ನೋಡಲು 8 ಪಟ್ಟು ಸಾಕು. ನವಿಲಿಗೂ ಸಾಕು. ಆದರೆ ಬಂಡೆ ಸಂದಿಯಲ್ಲಿ ಓಡಾಡುವ ಬಣ್ಣದ ಚಿಟ್ಟುಕೋಳಿಯ ಚುಕ್ಕೆಗಳು ನನಗೆ ಕಾಣಲಿಲ್ಲ, ಏನೋ ಕಂದು ಬಣ್ಣ ಓಡಿತು ಅಷ್ಟೇ. ಪಕ್ಕದಲ್ಲಿ ಸ್ಟ್ಯಾಂಡ್ ಮೇಲೆ ದೊಡ್ಡ ಸ್ಕೋಪ್ ಇಟ್ಟವರೊಬ್ಬರು ಕರೆದು ತೋರಿಸಿದರು. ಅಬ್ಬಾ! ಮೈತುಂಬ ಬಿಳಿ ಚುಕ್ಕೆ, ಕಪ್ಪು ಬಟ್ಟೆಗೆ ಮಣಿ ಹೊಲಿದ ಹಾಗೆ. ಆದರೆ ಆ ಸ್ಕೋಪಿನ ಬೆಲೆ ಕೇಳಿ ಸುಮ್ನೆ ಆದೆ. ಹಳದಿ ಕೊರಳಿನ ಪಿಕಳಾರ ಮಾತ್ರ ವಾಪಸ್ ಬರುವಾಗ ಹತ್ತಿರದ ಗಿಡದಲ್ಲೇ ಸಿಕ್ಕಿತು. ದಕ್ಷಿಣ ಭಾರತದ ಇಂಥ ಕಲ್ಲುಗುಡ್ಡಗಳಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ. ನಾವು ಗಣಿಗೆ, ಜಲ್ಲಿಗೆ ಒಡೆಯುವುದು ಇಂಥವೇ ಗುಡ್ಡಗಳನ್ನು.

ಈಗ ಜಗಳ. ಒಂಬತ್ತನೇ ತಿಂಗಳಿಗೆ ಬಲಗಡೆಯ ಬಳೆ ಸಡಿಲವಾಯಿತು. ಚೀಲದಿಂದ ತೆಗೆಯುವಾಗೆಲ್ಲ ತಿರುಗಿರುತ್ತಿತ್ತು. ವಾರಂಟಿ ಇತ್ತು. ಕಳಿಸುವ ಕೊರಿಯರ್ ಖರ್ಚು ನನ್ನದೇ ಅಂದರು, 380 ರೂಪಾಯಿ. ಹತ್ತು ದಿನ ಅಂದದ್ದು ಐದು ವಾರ ಆಯಿತು. ಫೋನ್ ಮಾಡಿದರೆ ಪ್ರತಿ ಸಲ ಹೊಸಬರು, ಪ್ರತಿ ಸಲ ಕತೆ ಮೊದಲಿನಿಂದ. ವಾಪಸ್ ಬಂದಾಗ ಬಳೆ ಸರಿಯಾಗಿತ್ತು, ಗಾಜಿನ ಮುಚ್ಚಳ ಒಂದು ಇರಲಿಲ್ಲ. ಕೇಳಿದರೆ "ನೀವು ಕಳಿಸಿರಲಿಲ್ಲ" ಅಂದರು. ಕಳಿಸುವ ಮುಂಚೆ ಫೋಟೊ ತೆಗೆದಿಟ್ಟುಕೊಳ್ಳಿ. ಲಾಟ್ ಕಳಿಸುವಾಗ ಎಣಿಸುವ ನಾನು ಇಲ್ಲಿ ಮರೆತೆ. ಒಂದು ಅಂಕ ಹೋದದ್ದು ಇದಕ್ಕೆ.

ಅದರ ಜೊತೆ ಬರುವ ನೈಲಾನ್ ಪಟ್ಟಿಯೂ ದಂಡ. 680 ಗ್ರಾಂ ತೂಕ ಒಂದು ಗಂಟೆ ಕೊರಳಲ್ಲಿದ್ದರೆ ಕತ್ತು ಕೊಯ್ಯುತ್ತದೆ. ನಾನು ಡೆನಿಮ್ ತುಂಡಿನಲ್ಲಿ ಹೊಲಿದುಕೊಂಡೆ. ನಾಲ್ಕು ಸೆಂಟಿಮೀಟರ್ ಅಗಲ, ಎರಡು ಪದರ, ಒಳಗೆ ತೆಳು ಫೋಮ್, ಎರಡು ತುದಿಗೆ ರಿವೆಟ್. ದರ್ಜಿಗೆ ಕೊಟ್ಟರೆ ಅರ್ಧ ಗಂಟೆಯ ಕೆಲಸ. ಹಳೆ ಪ್ಯಾಂಟಿನ ಕಾಲು ಸಾಕು.

ಯಾರು ಕೊಳ್ಳಬಹುದು? ಒಂದೇ ಕಡೆ ಅರ್ಧ ಗಂಟೆ ಸುಮ್ನೆ ನಿಲ್ಲಲು ಆಗುವವರು. ಫೋಟೊ ಬೇಕು ಅನ್ನುವವರಿಗೆ ಇದು ಬೇಡ. ಕೊಂಡವರು ಗೂಡಿನ ಹತ್ತಿರ ಹೋಗಬೇಡಿ, ಕೊಂಬೆ ಸರಿಸಬೇಡಿ. ಹತ್ತಿರ ಹೋಗದಿರಲಿ ಅಂತಲೇ ಅಲ್ವಾ 7,400 ಕೊಡುವುದು.

ಹೋದ ಭಾನುವಾರ ಮತ್ತೆ ಗುಡ್ಡ ಹತ್ತಿದ್ದೆ. ಜುಲೈನಿಂದ ಆ ಹದ್ದನ್ನು ಪ್ರತಿ ವಾರ ಹುಡುಕುತ್ತಿದ್ದೆ. ಸಂದು ವಾರ ವಾರ ರೆಕ್ಕೆಯ ತುದಿಯ ಕಡೆ ಸರಿಯುತ್ತಿತ್ತು, ಅದರಿಂದಲೇ ಗುರುತು. ಮೇಷ್ಟ್ರೂ ಇದ್ದರು. ಒಂದು ಗಂಟೆ ಇಬ್ಬರೂ ಸರದಿಯ ಮೇಲೆ ನೋಡಿದೆವು. ಹನ್ನೊಂದು ಹದ್ದು ಸುತ್ತುತ್ತಿದ್ದವು. ಹನ್ನೊಂದರ ರೆಕ್ಕೆಯೂ ಪೂರ್ತಿ ಇತ್ತು. ಅದರಲ್ಲಿ ನನ್ನದು ಯಾವುದು ಅಂತ ಗೊತ್ತಾಗಲಿಲ್ಲ.